ಆನೆಗೆ ರಸ್ತೆ, ಬಾವನಿಗೆ ಮಹಡಿ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯುವವು ಎರಡು: ಗೋಡೆಯ ಪಾಚಿ, ಗಂಡಸರ ಹೊಟ್ಟೆ. ಹೆಂಗಸರ ವಿಷಯ ನಾನೆತ್ತುವುದಿಲ್ಲ. ನನಗೆ ಇನ್ನೂ ಇದೇ ಊರಲ್ಲಿ ಬಾಳ್ವೆ ಮಾಡಬೇಕಾಗಿದೆ.

ಹೊಟ್ಟೆಯದ್ದೂ ತಪ್ಪಿಲ್ಲ ಬಿಡಿ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು ಬೂಸ್ಟು ಹಿಡಿದು ಹಸಿರಾಗುತ್ತದೆ. ಇಂಥ ಕಾಲದಲ್ಲಿ ಮನುಷ್ಯನಾದವನು ಮಾಡಬಹುದಾದದ್ದು ಒಲೆಯ ಪಕ್ಕ ಕೂತು ಬೆಲ್ಲದ ಕಾಫಿ ಕುಡಿಯುವುದು. ಕುಡಿದು ಲೋಟ ಕೆಳಗಿಟ್ಟು, ಊಟಕ್ಕೆ ಎಂಥ ಉಂಟು ಎಂದು ಕೇಳುವುದು. ನಡುಮಳೆಗಾಲದ ಕಕ್ಕಡ ತಿಂಗಳಲ್ಲಿ ಈ ಪ್ರಶ್ನೆಗೆ ಉತ್ತರವೂ ಧಾರಾಳ. ಕಣಿಲೆ, ಅಣಬೆ, ಏಡಿ, ಮರಕೆಸ, ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟರ ಮದ್ದುಪಾಯಸ. ಇಷ್ಟೆಲ್ಲದರ ಮೇಲೆ ಯಜಮಾನಿಕೆ ನಡೆಸುವ ಹಂದಿಮಾಂಸದ ಪಂದಿಕರಿ. ಯಾರಾದರೂ ಹುಬ್ಬೇರಿಸಿದರೆ, ‘ಮೈ ಬೆಚ್ಚಗಿರಬೇಕಲ್ಲ ಮಾರಾಯ’ ಎಂದರಾಯಿತು. ಈ ಮಾತಿಗೆ ಎದುರುತ್ತರ ಕೊಟ್ಟವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ನಮ್ಮ ಬಾವನಿಗೆ ಸಿದ್ದಾಪುರದ ಕಡೆ ಒಂದಷ್ಟು ಎಕರೆ ಕಾಫಿ ತೋಟ. ತೋಟದವರೆಲ್ಲರ ಹಾಗೆ ಅವರ ಮನೆಯಲ್ಲೂ ಮಳೆ ಅಳೆಯುವ ಪಾತ್ರೆ ಉಂಟು, ಲೆಕ್ಕ ಬರೆಯುವ ಪುಸ್ತಕ ಉಂಟು. ಇವತ್ತು ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆಯದೆ ಬಾವ ತಿಂಡಿ ಮುಟ್ಟುವುದಿಲ್ಲ. ಯಾವುದೋ ಹಳೆಯ ವರ್ಷದ ಮಾರ್ಚ್‌ನಲ್ಲಿ ಹೂಮಳೆ ಎಷ್ಟು ಬಿತ್ತು ಎಂದು ಕೇಳಿ ನೋಡಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಸ್ವಂತ ಸೊಂಟ ಎಷ್ಟು ಇಂಚು ಎಂದು ಕೇಳಿದರೆ ಮಾತ್ರ ಕಿವಿ ಮಂದ.

ಮೈಸೂರಿನ ಡಾಕ್ಟರೊಬ್ಬರು ಬಾವನ ರಕ್ತ ಪರೀಕ್ಷೆಯ ಕಾಗದ ನೋಡಿ, ‘ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಚುರುಕಾಗಿ ನಡೆಯಿರಿ’ ಎಂದು ಬರೆದುಕೊಟ್ಟರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರಿಗೆ ಇದು ಸರಿಯಾದ ಮಾತೇ. ಸಿದ್ದಾಪುರದ ಕಡೆಯ ತೋಟದ ದಾರಿಗಳಲ್ಲಿ ಬೆಳಗಿನ ವಾಕಿಂಗ್ ಹಕ್ಕು ಆನೆಗಳದ್ದು. ಹಲಸು ಹಣ್ಣಾಗುವ ಕಾಲದಲ್ಲಂತೂ ಅವು ಸಂಸಾರ ಸಮೇತ ಬರುತ್ತವೆ. ದಕ್ಷಿಣ ಕೊಡಗಿಗೆ ಹೋದರೆ ಹುಲಿಯ ಭಯ ಬೇರೆ. ವಾಟ್ಸಾಪ್ ಗುಂಪಿನಲ್ಲಿ ‘ಒಂಟಿ ಸಲಗ, ಲೈನ್‌ಮನೆ ಹಿಂದೆ’ ಎಂದು ಬಂದ ಮೇಲೆ ಚುರುಕಾಗಿ ನಡೆಯುವುದು ಹೌದಾದರೂ, ಅದು ಮನೆಯೊಳಗೆ. ನಗುತ್ತಾ ಹೇಳಿದೆ, ನಗುವ ವಿಷಯವಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಕಾರ್ಮಿಕರು ಆನೆ ತುಳಿತಕ್ಕೆ ಸಿಕ್ಕ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ವರ್ಷವರ್ಷವೂ ಬರುತ್ತದೆ. ಅವರಿಗೆ ನಡೆಯದೆ ವಿಧಿಯಿಲ್ಲ. ಬಾವನಿಗೆ ಜೀಪಿದೆ.

ಆ ಜೀಪೇ ಅಸಲು ಕಾಯಿಲೆ ಎಂದು ನನ್ನ ಅಭಿಪ್ರಾಯ. ಕಾಳುಮೆಣಸಿನ ಏಣಿ ಹತ್ತಿ ಇಳಿಯುವವನಿಗೆ ಯಾವ ಡಾಕ್ಟರೂ ವಾಕಿಂಗ್ ಬರೆದುಕೊಟ್ಟದ್ದಿಲ್ಲ. ಏಣಿ ಸರಿಯಾಗಿ ನಿಲ್ಲಿಸಿದ್ದಾನಾ ಎಂದು ಜೀಪಿನಿಂದ ಕತ್ತು ಹೊರಹಾಕಿ ನೋಡುವವನಿಗೆ ಬರೆದುಕೊಡುತ್ತಾರೆ.

ಇರಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ, ನನ್ನ ಅಳಿಯ, ಅಪ್ಪನ ಅವಸ್ಥೆ ನೋಡಿ ಒಂದು ಮಳೆಗಾಲದ ರಜೆಗೆ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಒಳಗಿದ್ದದ್ದು ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ, ಮತ್ತು ರಿಂಗ್ ಫಿಟ್ ಅಡ್ವೆಂಚರ್ ಎಂಬ ಆಟ. 2019ರ ಅಕ್ಟೋಬರ್‌ನಲ್ಲಿ ಬಂದ ಈ ಆಟಕ್ಕೆ ಮರುವರ್ಷ ಲಾಕ್‌ಡೌನ್ ಬಿದ್ದಾಗ ಜಗತ್ತೆಲ್ಲ ಮುಗಿಬಿದ್ದು, ಅಂಗಡಿಗಳಲ್ಲಿ ಸಿಗದೆ ಹೋಗಿತ್ತು. ಸ್ಟೇರಿಂಗಿನ ಗಾತ್ರದ ಒಂದು ಬಳೆ. ಒತ್ತಿದರೆ ಬಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. ಎಡ ತೊಡೆಗೆ ಕಟ್ಟಿಕೊಳ್ಳಲು ಒಂದು ಪಟ್ಟಿ. ಬಳೆಗೊಂದು, ಪಟ್ಟಿಗೊಂದು ಸಣ್ಣ ಕಂಟ್ರೋಲರ್ ಸಿಕ್ಕಿಸಬೇಕು. ನಿಂತಲ್ಲೇ ಓಡಿದರೆ ಟಿವಿಯೊಳಗಿನ ಗೊಂಬೆ ಕಾಡುಮೇಡು ದಾಟಿ ಓಡುತ್ತದೆ. ನೀವು ನಿಂತರೆ ಅದೂ ನಿಲ್ಲುತ್ತದೆ. ಬೈಠಕ್ ಹೊಡೆದರೆ ವೈರಿಗೆ ಪೆಟ್ಟು ಬೀಳುತ್ತದೆ. ವೈರಿ ಯಾರೆಂದರೆ, ಕಸರತ್ತು ಮಾಡಿ ಮೈ ಉಬ್ಬಿಸಿಕೊಂಡ ಒಂದು ಡ್ರ್ಯಾಗನ್.

ಆ ಸಂಜೆ ನಾನು ಅಲ್ಲೇ ಇದ್ದೆ. ತಪ್ಪಿಸಿಕೊಳ್ಳುವ ಪೈಕಿಯ ಪ್ರದರ್ಶನವಲ್ಲ ಅದು. ಮಹಡಿಯ ಕೋಣೆಯಲ್ಲಿ ಬಾವ ಬರ್ಮುಡಾ ತೊಟ್ಟು ನಿಂತರು. ಪಟ್ಟಿ ತೊಡೆಯನ್ನು ಸುತ್ತಿ ಕಷ್ಟಪಟ್ಟು ತುದಿಗೆ ತುದಿ ಮುಟ್ಟಿತು. ಯಂತ್ರ ವಯಸ್ಸು ಕೇಳಿತು, ಹೇಳಿದರು. ತೂಕ ಕೇಳಿತು.

‘ಎಪ್ಪತ್ತೆಂಟು ಅಂತ ಹಾಕೋ,’ ಎಂದರು ಬಾವ.

‘ಅದು ನಮ್ಮ ಮದುವೆಯ ದಿನದ ತೂಕ,’ ಎಂದಳು ಬಾಗಿಲಲ್ಲಿ ನಿಂತ ಅಕ್ಕ. ‘ಆ ಮೇಲೆ ಎರಡು ಮಕ್ಕಳಾಗಿವೆ, ರೀ. ಹೆತ್ತದ್ದು ನಾನು, ತೂಕ ಏರಿದ್ದು ನಿಮಗೆ.’

ಅಳಿಯ ಏನೋ ಒಂದು ಅಂಕೆ ಒತ್ತಿದ. ಓಟ ಶುರುವಾಯಿತು. ಹಳೆಯ ಕಾಲದ ಮನೆ, ಮರದ ಹಲಗೆಯ ನೆಲ. ಬಾವನ ಒಂದೊಂದು ಹೆಜ್ಜೆಗೂ ಗಾಜಿನ ಕಪಾಟಿನಲ್ಲಿದ್ದ ಹಾಕಿ ಕಪ್ಪುಗಳು ಗಲಗಲ ಎಂದವು. ಕೆಳಗಿಂದ ಅಕ್ಕನ ಅತ್ತೆಯ ದನಿ: ‘ಮೇಲೆ ಎಂಥದದು? ಮೂಟೆ ಬಿತ್ತಾ?’ ಇಂಥ ಗಲಾಟೆಗೆಂದೇ ಜಪಾನಿನವರು ಸದ್ದಿಲ್ಲದೆ ಆಡುವ ಒಂದು ದಾರಿಯನ್ನೂ ಇಟ್ಟಿದ್ದಾರೆ. ಫ್ಲ್ಯಾಟುಗಳಲ್ಲಿ ಕೆಳಗಿನ ಮನೆಯವರು ಜಗಳಕ್ಕೆ ಬರಬಾರದಲ್ಲ. ಅಲ್ಲಿ ಓಡುವಂತಿಲ್ಲ, ಮೊಣಕಾಲು ಬಗ್ಗಿಸಿ ಬಗ್ಗಿಸಿ ಏಳಬೇಕು. ಬಾವ ಅದನ್ನು ಸ್ವಲ್ಪ ಹೊತ್ತು ಮಾಡಿ, ‘ಅಮ್ಮ ಬೈದರೆ ಬೈಯಲಿ, ಓಟವೇ ವಾಸಿ’ ಎಂದರು.

ಡ್ರ್ಯಾಗನ್ ಮೇಲೆರಗಿದಾಗ ಬಳೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಪೆಟ್ಟು ತಡೆಯಬೇಕು. ಈ ವಿದ್ಯೆಯಲ್ಲಿ ಬಾವ ಮೊದಲ ದಿನವೇ ಪಾರಂಗತರಾದರು. ಅಷ್ಟು ವರ್ಷ ಪ್ರೀತಿಯಿಂದ ಬೆಳೆಸಿದ್ದಕ್ಕೂ ಒಂದು ಉಪಯೋಗ ಬಂತಲ್ಲ ಎಂದು ನಾನೆಂದೆ. ಉತ್ತರ ಕೊಡಲು ಅವರಿಗೆ ಉಸಿರಿರಲಿಲ್ಲ. ಆಮೇಲೆ ವೃಕ್ಷಾಸನ ಬಂತು. ಕ್ಯೋಟೋದ ಕಂಪನಿ ಮಾಡಿದ ಯಂತ್ರ, ಸಿದ್ದಾಪುರದ ಗೃಹಸ್ಥನಿಗೆ ಭಾರತದ ಯೋಗ ಕಲಿಸುತ್ತಿತ್ತು! ಆಟದಲ್ಲಿ ಸುಸ್ತಾದ ಗೊಂಬೆಗೆ ಕುಡಿಯಲು ಹಣ್ಣಿನ ರಸ ಸಿಗುತ್ತದೆ. ಅದನ್ನು ಕಂಡ ಬಾವನಿಗೂ ಬಾಯಾರಿ, ಅಕ್ಕ ಕಾಫಿ ತಂದಳು. ಕಾಫಿ ಒಂಟಿಯಾಗಿ ಬರುವ ಪದ್ಧತಿ ಆ ಮನೆಯಲ್ಲಿಲ್ಲ. ಜೊತೆಗೆ ಬಾಳೆಕಾಯಿ ಚಿಪ್ಸ್ ಬಂತು.

ಕೊನೆಯಲ್ಲಿ ಪರದೆಯ ಮೇಲೆ ಲೆಕ್ಕ ಮೂಡಿತು. ಗೋಡೆ ಗಡಿಯಾರದಲ್ಲಿ ಒಂದು ಗಂಟೆ ಕಳೆದಿತ್ತು. ಯಂತ್ರದ ಲೆಕ್ಕದಲ್ಲಿ ಅದು ಕಾಲು ಗಂಟೆಯೂ ಅಲ್ಲ. ನಿಂತದ್ದು, ಮಾತಾಡಿದ್ದು, ಬೆವರೊರೆಸಿಕೊಂಡದ್ದು, ಚಿಪ್ಸ್ ತಿಂದದ್ದು ಯಾವುದನ್ನೂ ಅದು ವ್ಯಾಯಾಮ ಎಂದು ಎಣಿಸುವುದಿಲ್ಲ. ಮೈ ಆಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ. ಅಷ್ಟರಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಹಿಡಿದು ಸಹಿಗೆ ಬಂದಿದ್ದ ತೋಟದ ರೈಟರ್ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡಿದ. ‘ನಮ್ಮ ಆಳುಗಳಿಗೂ ಇಂಥದ್ದೊಂದು ತರಿಸಬೇಕು ನೋಡು,’ ಎಂದರು ಬಾವ. ರೈಟರ್ ಏನೂ ಹೇಳಲಿಲ್ಲ. ಬುದ್ಧಿವಂತ. ಆಳುಗಳಿಗಿಂತ ಮೊದಲು ಇದನ್ನು ಯಾರಿಗೆ ಕಟ್ಟಬೇಕು ಎಂದು ಅವನ ಮುಖದಲ್ಲಿ ಬರೆದಿತ್ತು.

ಇದೆಲ್ಲ ಹೊಸ ಹುಚ್ಚು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಮೈ ದಂಡಿಸುವ ವಿಡಿಯೊ ಗೇಮಿಗೆ ಸುಮಾರು ನಲವತ್ತು ವರ್ಷ. 1986ರಲ್ಲೇ ಜಪಾನಿನ ಬಂಡಾಯ್ ಕಂಪನಿ ನೆಲಕ್ಕೆ ಹಾಸುವ ಚಾಪೆಯೊಂದನ್ನು ತಂದಿತ್ತು. ಅದರ ಮೇಲೆ ಓಡಿದರೆ ಟಿವಿಯಲ್ಲಿ ಓಟದ ಪಂದ್ಯ. ಮಕ್ಕಳು ಮಂಡಿಯೂರಿ ಚಾಪೆಯನ್ನು ಎರಡೂ ಕೈಯಲ್ಲಿ ಬಡಿದು ಒಲಿಂಪಿಕ್ಸ್ ವೇಗದಲ್ಲಿ ಗೆಲ್ಲುತ್ತಿದ್ದರು. 1998ರಲ್ಲಿ ಕೊನಾಮಿಯವರ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಬಂತು. ಬಾಣದ ಗುರುತಿನ ಮೇಲೆ ಹಾಡಿಗೆ ಸರಿಯಾಗಿ ಹೆಜ್ಜೆಯಿಡಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ಮಕ್ಕಳ ಬೊಜ್ಜಿಗೆ ಹೆದರಿ 2006ರಲ್ಲಿ ಅದನ್ನು ಸರ್ಕಾರಿ ಶಾಲೆಗಳಿಗೇ ತರುವ ಯೋಜನೆ ಹಾಕಿತು. ನಮ್ಮ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರ ಸೀಟಿ ಒಂದೇ ಸಾಕಾಗಿತ್ತು.

2007ರ ಡಿಸೆಂಬರ್‌ನಲ್ಲಿ ನಿಂಟೆಂಡೊದವರೇ ವೀ ಫಿಟ್ ತಂದರು. ಅದರ ಹಿಂದಿನ ಕಥೆ ಬಾವನಿಗೆ ಹೇಳಿಮಾಡಿಸಿದ್ದು. ಮಾರಿಯೊ ಎಂಬ ಮೀಸೆಯ ಕೊಳಾಯಿ ರಿಪೇರಿಯವನನ್ನು ಸೃಷ್ಟಿಸಿದ ಶಿಗೇರು ಮಿಯಾಮೊಟೊ ನಲವತ್ತು ದಾಟಿದ ಮೇಲೆ ಈಜಲು ಹೋಗತೊಡಗಿ, ದಿನಾ ತೂಕ ನೋಡಿ ಬರೆದಿಡುವ ಚಟ ಹಚ್ಚಿಕೊಂಡರು. ಏರಿಳಿತ ನೋಡುವುದೇ ಒಂದು ಮಜಾ ಎನಿಸಿ, ಅದರಿಂದಲೇ ಆಟ ಹುಟ್ಟಿತು. ಮಣೆಯ ಆಕಾರದ ಒಂದು ತೂಕದ ಹಲಗೆ. ಮೇಲೆ ನಿಂತರೆ ನಿಮ್ಮ ತೂಕ, ಎತ್ತರ ಸೇರಿಸಿ ಬಿಎಂಐ ಹೇಳುತ್ತದೆ. ಹೇಳಿ ಸುಮ್ಮನಿರುವುದಿಲ್ಲ. ತೂಕ ಹೆಚ್ಚಿದ್ದರೆ ಪರದೆಯ ಮೇಲಿರುವ ನಿಮ್ಮ ಗೊಂಬೆಯ ಹೊಟ್ಟೆ ಎಲ್ಲರೆದುರು ಉಬ್ಬುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಈ ಕೆಲಸಕ್ಕೆ ಚಿಕ್ಕಮ್ಮಂದಿರು ಇದ್ದಾರೆ. 2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂತು. ಕೈಯಲ್ಲಿ ಏನನ್ನೂ ಹಿಡಿಯಬೇಕಿಲ್ಲ, ಕ್ಯಾಮೆರಾವೇ ನಿಮ್ಮ ಕೈಕಾಲು ಗುರುತಿಸುತ್ತದೆ. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಿ ಗಿನ್ನೆಸ್ ಸೇರಿತು, 2017ರಲ್ಲಿ ತಯಾರಿಕೆಯೇ ನಿಂತಿತು. ಬೆವರಿಳಿಸುವ ವಸ್ತುಗಳೆಲ್ಲದರ ಹಣೆಬರಹ ಅದು. ಎಷ್ಟು ಮನೆಯ ಟ್ರೆಡ್‌ಮಿಲ್‌ಗಳ ಮೇಲೆ ಇವತ್ತು ಟವೆಲ್ ಒಣಗುತ್ತಿದೆ, ಎಣಿಸಿ ನೋಡಿ.

ಬಿಎಂಐ ಮಾತು ಬಂತಲ್ಲ, ಒಂದು ಎಚ್ಚರ. ವಿದೇಶಿ ಯಂತ್ರಗಳು ಸಾಮಾನ್ಯವಾಗಿ 25 ದಾಟದವರಿಗೆ ಅತಿತೂಕ ಎನ್ನುವುದಿಲ್ಲ. ನಮ್ಮ ಮೈಯ ಜಾತಕ ಬೇರೆ. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹತ್ತಿರ ಬರುತ್ತವೆ. ಅದಕ್ಕೇ ನಮ್ಮ ವೈದ್ಯರು 2009ರಲ್ಲಿ ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು ಗೆರೆ ಎಳೆದರು. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಇದನ್ನು ಕೇಳಿ ಬಾವ, ‘90 ಸೆಂಟಿಮೀಟರ್ ಅಂದರೆ ಎಷ್ಟು ಇಂಚು?’ ಎಂದರು. ಮೂವತ್ತೈದೂವರೆ ಎಂದೆ. ‘ಅದು ನಮ್ಮಲ್ಲಿ ಜುಲೈ ತಿಂಗಳ ಮಳೆ,’ ಎಂದು ಮಾತು ಮಳೆಯ ಕಡೆ ತಿರುಗಿಸಿದರು.

ಹಾಗಾದರೆ ತೂಕ ಇಳಿಯುತ್ತದಾ? ಎಲ್ಲರೂ ಕೇಳುವ ಪ್ರಶ್ನೆ. ಮನಸ್ಸಿಟ್ಟು ಅರ್ಧ ಗಂಟೆ ಆಡಿದರೆ ಚುರುಕಾಗಿ ನಡೆದಷ್ಟು ಕ್ಯಾಲೊರಿ ಕರಗುತ್ತದೆ. ಎಪ್ಪತ್ತು ಕಿಲೋದವರಿಗೆ ನೂರೈವತ್ತರ ಆಸುಪಾಸು. ಕೊಬ್ಬಿನ ಪ್ರತಿ ಗ್ರಾಂನಲ್ಲಿ 9 ಕ್ಯಾಲೊರಿ. ಅಂದರೆ ಅರ್ಧ ಗಂಟೆ ಡ್ರ್ಯಾಗನ್ ಜೊತೆ ಗುದ್ದಾಡಿ ಗಳಿಸಿದ್ದನ್ನು ಪಂದಿಕರಿಯ ಎರಡು ಬಿಳಿ ತುಂಡು ಒಂದೇ ನಿಮಿಷದಲ್ಲಿ ವಾಪಸು ತರುತ್ತವೆ. ಜೊತೆಗೆ ತಿನ್ನುವ ಅಕ್ಕಿಯ ಕಡಂಬುಟ್ಟಿನ ಲೆಕ್ಕ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ಯಂತ್ರದ ಲೆಕ್ಕದ ನಿಮಿಷ ಅದು, ಗೋಡೆ ಗಡಿಯಾರದ್ದಲ್ಲ.

ಪಂದಿಕರಿಯ ಮಾತಿಗೆ ಇನ್ನೊಂದು ವಿಷಯ. ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವ ನಮ್ಮ ಕಾಚಂಪುಳಿ ಯಾವುದರಿಂದ ಮಾಡಿದ್ದು? ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನಿಂದ. ಅದೇ ಹಣ್ಣಿನ ಸಿಪ್ಪೆಯ ಸಾರವನ್ನು ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ಗುಳಿಗೆಗೆ ತುಂಬಿ ತೂಕ ಇಳಿಸುವ ಮದ್ದೆಂದು ಲೋಕವೆಲ್ಲ ಮಾರುತ್ತಾರೆ! ಈ ಸುದ್ದಿ ತಿಳಿದ ದಿನ ಬಾವನ ಮುಖ ನೋಡಬೇಕಿತ್ತು. ‘ಹಾಗಾದರೆ ಕೊಬ್ಬೂ ಅದರಲ್ಲೇ, ಕೊಬ್ಬಿನ ಮದ್ದೂ ಅದರಲ್ಲೇ. ನಮ್ಮ ಹಿರಿಯರು ದಡ್ಡರಲ್ಲ’ ಎಂದು ಇನ್ನೊಂದು ಸೌಟು ಬಡಿಸಿಕೊಂಡರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಪರೀಕ್ಷೆಯ ಪ್ರಕಾರ ಆ ಗುಳಿಗೆ ನುಂಗಿದವರಿಗೂ ಹುಸಿ ಗುಳಿಗೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ಊಟ ಮುಗಿದ ಮೇಲೆ ಹೇಳಿದೆ. ಉಣ್ಣುವವನ ಎದುರು ಹೇಳುವ ಮಾತಲ್ಲ.

ನಿಜ ಹೇಳಬೇಕೆಂದರೆ, ಆಟದ ನೆಪದಲ್ಲಿ ಬೆವರು ಸುರಿಸುವುದನ್ನು ಕೊಡಗಿನವರಿಗೆ ಜಪಾನ್ ಕಲಿಸಬೇಕಾಗಿಲ್ಲ. 1870ರಲ್ಲಿ ಪಾದ್ರಿ ರಿಕ್ಟರ್ ಬರೆದ ಕೊಡಗಿನ ಗೆಜೆಟಿಯರ್‌ನಲ್ಲೇ ನಾಟಿ ಓಟದ ವರ್ಣನೆ ಇದೆ. ಊರಿನ ದೊಡ್ಡ ಗದ್ದೆಯಲ್ಲಿ ನಾಟಿ ಮುಗಿಸುವ ಮುಂಚೆ ಉದ್ದಕ್ಕೂ ಒಂದು ಪಟ್ಟಿ ಬಿಟ್ಟು, ಮೊಣಕಾಲುದ್ದದ ಕೆಸರಲ್ಲಿ ಗಂಡಸರು ಓಡುವುದು. ಗೆದ್ದವನಿಗೆ ಬಟ್ಟೆ, ಹಿಂದಿನವನಿಗೆ ಬಾಳೆಗೊನೆ. ಈಗಲೂ ಮಡಿಕೇರಿಯ ಹತ್ತಿರ ಕಗ್ಗೋಡ್ಲಿನ ಗದ್ದೆಯಲ್ಲಿ ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ. ಅಲ್ಲಿ ಹಗ್ಗ ಜಗ್ಗಿದವರ ತೊಡೆಗೆ ಪಟ್ಟಿ ಕಟ್ಟಿದರೆ ಯಂತ್ರವೇ ಕೈಮುಗಿದೀತು.

ಹಾಕಿಯ ಮಾತು ಬೇಡವೇ ಬೇಡ. ಶುರುವಾದರೆ ಪುಟ ಸಾಲದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳಾಗಿ ಗಿನ್ನೆಸ್ ದಾಖಲೆಗೆ ಹೋಯಿತು. ಅಜ್ಜ, ಮೊಮ್ಮಗಳು, ಹೊಟ್ಟೆ ಬಿಟ್ಟ ಚಿಕ್ಕಪ್ಪ ಒಂದೇ ತಂಡದಲ್ಲಿ. ಅಲ್ಲಿ ಯಾರೂ ಕ್ಯಾಲೊರಿ ಎಣಿಸುವುದಿಲ್ಲ. ‘ಓಡೋ’ ಎಂದು ಗ್ಯಾಲರಿಯಿಂದ ಕುಟುಂಬದ ಹಿರಿಯರು ಕೂಗಿದರೆ ಓಡಲೇಬೇಕು. ಆದರೆ ಅದು ಬೇಸಿಗೆ ರಜೆಯ ಉತ್ಸವ. ಮಳೆಗಾಲಕ್ಕೆ ಸ್ಟಿಕ್ಕು ಮೂಲೆ ಸೇರುತ್ತದೆ, ಆಟಗಾರ ಒಲೆಯ ಪಕ್ಕ ಸೇರುತ್ತಾನೆ.

ಮದುವೆಗಳ ವಾಲಗದ ಕುಣಿತ ಇನ್ನೊಂದು. ವಾಲಗ ಶುರುವಾಯಿತೆಂದರೆ ಮಂಡಿನೋವಿನವರಿಗೂ ಕಾಲು ನಿಲ್ಲುವುದಿಲ್ಲ. ಇದರೆದುರು, 2009ರಲ್ಲಿ ಬಂದ ಜಸ್ಟ್ ಡ್ಯಾನ್ಸ್ ಎಂಬ ಕುಣಿತದ ಆಟ ನೋಡುವುದು ಬಲಗೈಯಲ್ಲಿ ಹಿಡಿದ ರಿಮೋಟನ್ನು ಮಾತ್ರ. ಅಳಿಯನ ಗೆಳೆಯರು ಸೋಫಾದ ಮೇಲೆ ಒರಗಿ, ಬಲಗೈಯೊಂದನ್ನೇ ಬೀಸಿ ‘ಸೂಪರ್’ ಅನ್ನಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ವಾಲಗದಲ್ಲಿ ಈ ಕಳ್ಳಾಟ ನಡೆಯದು. ಕೂತವನನ್ನು ರಟ್ಟೆ ಹಿಡಿದು ಎಬ್ಬಿಸುವವರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ.

ಗುಟ್ಟು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಪಕ್ಕದಲ್ಲಿ ನೋಡುವವರು, ನಗುವವರು, ಸೋಲಿಸುವವರು ಇದ್ದರೆ ಮನುಷ್ಯ ಮೈ ಬಗ್ಗಿಸುತ್ತಾನೆ. ಮಳೆಗಾಲದ ತೋಟದ ಮನೆಯಲ್ಲಿ ಅಂಥವರು ಎಲ್ಲಿ ಸಿಗಬೇಕು? ಆ ಜಾಗದಲ್ಲಿ ಯಂತ್ರ ಬಂದು ಕೂತಿದೆ. ಬೈಠಕ್ ಹೊಡೆದಾಗಲೆಲ್ಲ ‘ಭೇಷ್’ ಎನ್ನುತ್ತದೆ. ಬಾವನಿಗೆ ಅವರ ಮನೆಯಲ್ಲಿ ಯಾರೂ ಭೇಷ್ ಅಂದದ್ದು ನನಗೆ ನೆನಪಿಲ್ಲ.

ಆದರೂ ಬರೀ ಯಂತ್ರದ ಹೊಗಳಿಕೆ ಹೆಚ್ಚು ದಿನ ಬಾಳಲಿಲ್ಲ. ಅಳಿಯ ಬೆಂಗಳೂರಿಗೆ ಬಸ್ಸು ಹತ್ತಿದ್ದೇ ತಡ, ಬಳೆ ಗೋಡೆಯ ಮೊಳೆ ಸೇರಿತು. ಅದನ್ನು ಕೆಳಗಿಳಿಸಿದವಳು ಅಕ್ಕ. ಬೆಳಿಗ್ಗೆ ಎಲ್ಲರೂ ಮಲಗಿರುವಾಗ, ಸದ್ದಿಲ್ಲದ ದಾರಿಯಲ್ಲಿ, ತನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದು ಆಡತೊಡಗಿದಳು. ಒಂದು ದಿನ ಬಾವ ಟಿವಿ ಹಚ್ಚಿ ನೋಡಿದರೆ ಅವರಿಗಿಂತ ಅವಳು ಎಷ್ಟೋ ಊರು ಮುಂದೆ! ಅವತ್ತಿನಿಂದ ಬಾವ ಮತ್ತೆ ಬರ್ಮುಡಾ ತೊಟ್ಟರು. ಕರೆಂಟು ಹೋದರೂ ನಿಲ್ಲಿಸುವುದಿಲ್ಲ. ಸ್ವಿಚ್‌ಗೆ ತನ್ನದೇ ಸಣ್ಣ ಪರದೆ, ಬ್ಯಾಟರಿ ಇವೆ. ಅಂಗೈಯಗಲದ ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಓದುವ ಕನ್ನಡಕ ಏರಿಸಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ ಡ್ರ್ಯಾಗನ್‌ನ ಮೇಲೆ ಯುದ್ಧ. ಅತ್ತೆ ಈಗ ಗೊಣಗುವುದಿಲ್ಲ. ಕಥೆಯ ರುಚಿ ಹತ್ತಿದೆ. ‘ಆ ಉಡ ಇನ್ನೂ ಸಾಯಲಿಲ್ಲವಾ? ಎಂಥ ಗಂಡಸೋ ನೀನು!’ ಎಂದು ಕೆಳಗಿಂದಲೇ ಹುರಿದುಂಬಿಸುತ್ತಾರೆ.

ತೂಕ? ಸ್ವಲ್ಪ ಇಳಿದಿದೆ. ಇಳಿದದ್ದು ಡ್ರ್ಯಾಗನ್‌ನಿಂದಲೋ, ರಾತ್ರಿಯ ಅಕ್ಕಿ ಒಟ್ಟಿಯಲ್ಲಿ ಎರಡನ್ನು ಅಕ್ಕ ಸದ್ದಿಲ್ಲದೆ ಕಡಿಮೆ ಮಾಡಿದ್ದರಿಂದಲೋ ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆ ಬೇರೆ. ನನ್ನ ಮತ ಅಕ್ಕನಿಗೆ. ಮೆಟ್ಟಿಲು ಹತ್ತುವಾಗ ಬಾವ ಅರ್ಧದಲ್ಲಿ ನಿಂತು ಮಳೆಯ ವಿಚಾರ ಮಾತಾಡುವುದು ನಿಂತಿದೆ, ಅದಂತೂ ಡ್ರ್ಯಾಗನ್‌ನದೇ ಉಪಕಾರ.

ನಿಮಗೂ ಆಸೆಯಾದರೆ ಕೇಳಿ. ಇದು ಹೆಚ್ಚಾಗಿ ವಿದೇಶದ ನೆಂಟರ ಪೆಟ್ಟಿಗೆಯಲ್ಲೋ, ಆಮದು ಸಾಮಾನಿನ ಅಂಗಡಿಯಲ್ಲೋ ಬರುವ ವಸ್ತು. ಕೆಟ್ಟರೆ ರಿಪೇರಿಗೆ ಅಲೆದಾಟ. ಮಳೆಗಾಲದಲ್ಲಿ ತೇವ ಹೊಡೆಯದಂತೆ ಡಬ್ಬಿಯಲ್ಲಿಡಿ. ಮಂಡಿನೋವು, ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತೊಡೆಗೆ ಪಟ್ಟಿ ಕಟ್ಟಬೇಡಿ. ಬೇಸಿಗೆಯಲ್ಲಿ ಆನೆಯಿಲ್ಲದ ಕಡೆ ನಡೆಯಲು ದಾರಿಯಿದ್ದರೆ ದುಡ್ಡು ಉಳಿಸಿ, ನಡೆಯಿರಿ. ಕೊಳ್ಳುವುದೇ ಆದರೆ ಮನೆಯಲ್ಲಿ ನಿಮ್ಮನ್ನು ಸೋಲಿಸುವವರು ಒಬ್ಬರಾದರೂ ಇದ್ದಾರಾ ಎಂದು ನೋಡಿಕೊಂಡು ಕೊಳ್ಳಿ. ಎರವಲು ಸಿಗುತ್ತದಾ ಎಂದು ನಮ್ಮ ಬಾವನನ್ನು ಕೇಳಬೇಡಿ. ಅಕ್ಕ ಅವರಿಗಿಂತ ಇನ್ನೂ ಎರಡು ಊರು ಮುಂದಿದ್ದಾಳೆ, ಅವರು ಕೊಡುವುದಿಲ್ಲ.